ಮೌನವನ್ನು ಯಾವಾಗ ನಂಬಬಹುದು?

ಒಂದು ವಸ್ತು ಇಲ್ಲವೆಂಬ ಜ್ಞಾನ ಹೇಗೆ ಹುಟ್ಟುತ್ತದೆ ಎಂಬುದು ಭಾರತೀಯ ದರ್ಶನಗಳು ಬಹುಕಾಲ ವಾದಿಸಿದ ಪ್ರಶ್ನೆ. ನೆಲದ ಮೇಲೆ ಗಡಿಗೆ ಇಲ್ಲವೆಂದು ತಿಳಿಯುವುದಕ್ಕೆ ಅನುಪಲಬ್ಧಿ, ಅಂದರೆ ಕಾಣದಿರುವಿಕೆಯೇ, ಪ್ರತ್ಯೇಕ ಪ್ರಮಾಣವೆಂದು (ಜ್ಞಾನ ತರುವ ಸಾಧನವೆಂದು) ಕುಮಾರಿಲ ಭಟ್ಟರ ಮೀಮಾಂಸೆಯೂ ಅದ್ವೈತಿಗಳೂ ಹೇಳಿದರೆ, ದ್ವೈತಿಗಳು ಅದನ್ನು ಒಪ್ಪಲಿಲ್ಲ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಡದಲ್ಲಿ, ಭಕ್ತರು ದ್ವೈತಿಗಳಲ್ಲೊಬ್ಬರಾದ ಜಯತೀರ್ಥರ ವೃಂದಾವನವೆಂದು ಪೂಜಿಸುವ ಕ್ಷೇತ್ರವಿದೆ. 14ನೆಯ ಶತಮಾನದ ಆ ಟೀಕಾಚಾರ್ಯರು 'ಪ್ರಮಾಣಪದ್ಧತಿ'ಯಲ್ಲಿ ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರನ್ನಷ್ಟೇ ಇಟ್ಟುಕೊಂಡು ಅನುಪಲಬ್ಧಿಯನ್ನು ಇವುಗಳೊಳಗೇ ಸೇರಿಸಿದರು. ಪಕ್ಷ ಯಾವುದೇ ಆಗಿರಲಿ, ಒಂದು ನಿಯಮ ಮಾತ್ರ ತಪ್ಪದು: ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಅದು ಇಲ್ಲವೆಂದು ಸಿದ್ಧವಾಗುವುದಿಲ್ಲ, ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಯೋಗ್ಯತೆ ಆ ನೋಟಕ್ಕೆ ಇರಬೇಕು.

ಈ ಯೋಗ್ಯತೆಯ ವಿಚಾರ ಇಂದು ಬೆಂಕಿಯ ಎಚ್ಚರಿಕೆ ಮುಟ್ಟಿಸುವ ರೇಡಿಯೊ ಟ್ರಾನ್ಸೀವರಿನ ವೈರಿಂಗಿನಲ್ಲಿ ಕಣ್ಣಿಗೆ ಕಾಣುವಂತಿದೆ. ಟ್ರಾನ್ಸೀವರ್ ಎಂದರೆ ಸಂದೇಶವನ್ನು ಕಳಿಸುವ ಮತ್ತು ಪಡೆಯುವ ಎರಡೂ ಕೆಲಸ ಮಾಡುವ ಸಾಧನ. ಜಾಲದಲ್ಲಿ ಸೇರಿದಾಗ ಒಂದು ಟ್ರಾನ್ಸೀವರ್ ಪಕ್ಕದ್ದರ ಸುದ್ದಿಯನ್ನೂ ಹೊತ್ತು ದೂರದ ನಿಗಾ ಕೇಂದ್ರಕ್ಕೆ ದಾಟಿಸುತ್ತದೆ. ಬೆಂಕಿ ಪತ್ತೆಮಾಡುವ ಸಾಧನಗಳಿಗೆ ಹೋಗುವ ತಂತಿಯ ಕೊನೆಯಲ್ಲಿ ಒಂದು ಚಿಕ್ಕ ರೆಸಿಸ್ಟರನ್ನು, ಅಂದರೆ ವಿದ್ಯುತ್ ಹರಿವನ್ನು ತಡೆಯುವ ಬಿಡಿಭಾಗವನ್ನು, ಜೋಡಿಸಲಾಗುತ್ತದೆ. ಅದರ ಮೂಲಕ ಸದಾ ಅಲ್ಪ ವಿದ್ಯುತ್ ಹರಿಯುತ್ತಿದ್ದರೆ ತಂತಿ ನೆಟ್ಟಗಿದೆಯೆಂದೂ, ಹರಿವು ನಿಂತರೆ ತಂತಿ ತುಂಡಾಗಿದೆಯೆಂದೂ, ಹರಿವು ಏರಿದರೆ ಅಪಾಯವೆಂದೂ ಟ್ರಾನ್ಸೀವರಿನ ಪೆಟ್ಟಿಗೆ ತಿಳಿಯುತ್ತದೆ. ತಂತಿಯ ತುದಿಯವರೆಗೆ ಹೋಗುವ ಶ್ರಮ ಉಳಿಸಲು ಅದೇ ರೆಸಿಸ್ಟರನ್ನು ಪೆಟ್ಟಿಗೆಯೊಳಗೇ ಬಿಗಿದುಬಿಟ್ಟರೆ, ಹೊರಗೆ ಇಡೀ ತಂತಿ ಕಡಿದು ಬಿದ್ದರೂ ಪೆಟ್ಟಿಗೆ ಎಲ್ಲವೂ ಸರಿಯಿದೆಯೆಂದೇ ಸಾರುತ್ತಿರುತ್ತದೆ. ಇದನ್ನು ಬರೀ ಕೆಲಸಗಳ್ಳತನ ಎನ್ನಲಾಗದು. ಇದು ಸುಳ್ಳು ಸಾಕ್ಷಿ, ಅದೂ ಮಲಗಿರುವವರ ಎದುರು ಹೇಳಿದ ಸುಳ್ಳು ಸಾಕ್ಷಿ.

ಅದೇ ಜಿಲ್ಲೆಯ ಚಿಂಚೋಳಿ-ಚಂದಾಪುರದ ಸೀಮೆಗೆ ಮೌನವನ್ನು ನಂಬಬಹುದೇ ಎಂಬ ಈ ಮಾತು ಹೊರಗಿನದಲ್ಲ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲದೊಳಗಿಂದ ಸದ್ದು ಕೇಳಿ ಭೂಮಿ ಕಂಪಿಸಿದಾಗ ಜನ ಮನೆಯೊಳಗೆ ಮಲಗಲು ಅಂಜಿ ಬಯಲಲ್ಲಿ ರಾತ್ರಿ ಕಳೆದರು. ನೆಲ ಸುಮ್ಮನಿದ್ದ ಹೊತ್ತಿನಲ್ಲೂ ಉಳಿದ ಆ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಮುಂದಿನ ಕಂಪನವನ್ನು ಮೊದಲೇ ಹೇಳುವ ಸಾಧನ ಯಾರ ಬಳಿಯೂ ಇಲ್ಲದಿರುವಾಗ ನೆಲದ ಮೌನಕ್ಕೆ ಸಾಕ್ಷಿಯ ಯೋಗ್ಯತೆ ಇರಲಿಲ್ಲ. ತರ್ಕದ ದೃಷ್ಟಿಯಿಂದ ಆ ಜನ ಸರಿಯಾಗಿಯೇ ಇದ್ದರು.

ಟ್ರಾನ್ಸೀವರಿನ ಮೌನಕ್ಕೆ ಆ ಯೋಗ್ಯತೆಯನ್ನು ದುಡಿದು ತಂದುಕೊಡಬೇಕಾಗುತ್ತದೆ. ಆಂಟೆನಾ ಜೋಡಿಸಿದ ಮೇಲೆಯೇ ವಿದ್ಯುತ್ ಕೊಡಬೇಕು, ಇಲ್ಲವಾದರೆ ಪ್ರಸಾರ ಮಾಡುವ ಭಾಗ ಸುಡುವ ಸಂಭವವಿದೆ. ಕರೆಂಟು ಹೋದಾಗ ಬ್ಯಾಟರಿ ಹೊರೆ ಹೊರುವುದೇ ಎಂದು ಪರೀಕ್ಷಿಸಬೇಕು. ಅಪಾಯವಿಲ್ಲದಾಗಲೂ ಸಾಧನವು ಗೊತ್ತಾದ ಅವಧಿಗೊಮ್ಮೆ ತಾನು ಬದುಕಿರುವುದನ್ನು ಕೇಂದ್ರಕ್ಕೆ ತಿಳಿಸುವಂತಿರಬೇಕು. ಆ ಕರೆ ಬಾರದಿದ್ದಾಗ ಕೇಂದ್ರದವರು, ಸಂಪರ್ಕ ಸರಿಯಿದ್ದರೆ ಕರೆ ಬರಲೇಬೇಕಿತ್ತು, ಬಂದಿಲ್ಲ, ಆದ್ದರಿಂದ ಎಲ್ಲೋ ಕೆಟ್ಟಿದೆ ಎಂದು ನಿಶ್ಚಯಿಸುತ್ತಾರೆ. ಇದು ತರ್ಕದಿಂದ ತಿಳಿಯುವ ಅನುಮಾನವೇ ಆದ್ದರಿಂದ, ಕನಿಷ್ಠ ಇಲ್ಲಿ, ಜಯತೀರ್ಥರ ಪಕ್ಷವೇ ಹೆಚ್ಚು ಒಪ್ಪುವಂತಿದೆ. ಆದರೆ ಎರಡು ಕರೆಗಳ ನಡುವಿನ ಮೌನ ಸಂಶಯದ್ದಾಗಿಯೇ ಉಳಿಯುತ್ತದೆ, ಮತ್ತು ಆ ಅವಧಿ ಒಂದು ತಾಸಿರಬೇಕೋ ಒಂದು ದಿನವಿರಬೇಕೋ ಎಂಬುದನ್ನು ಯಾವ ಪ್ರಮಾಣಶಾಸ್ತ್ರವೂ ಹೇಳಲಾರದು. ಖಾಲಿ ಗೋದಾಮಿಗೆ ಸಾಕಾಗುವ ಅವಧಿ ಮಕ್ಕಳು ಮಲಗುವ ವಸತಿ ನಿಲಯಕ್ಕೆ ಸಾಕಾಗುವುದಿಲ್ಲ.