ನಂಬದ ಕೇಳುಗ ಮತ್ತು ಭಕ್ತಿಯ ಹಾಡು

ಹಾಡಿದವನ ನಂಬಿಕೆ ತನ್ನದಲ್ಲದ ಕೇಳುಗನಿಗೆ ಆ ಹಾಡು ಪೂರ್ತಿಯಾಗಿ ದಕ್ಕುತ್ತದೆಯೇ ಎಂಬ ಪ್ರಶ್ನೆ ಧರ್ಮಜಿಜ್ಞಾಸೆಗೂ ಕಾವ್ಯಮೀಮಾಂಸೆಗೂ ಸಮಾನವಾಗಿ ಸೇರಿದ್ದು. ದಾಂತೆಯ ಕಾವ್ಯದಂಥ ಮನ್ನಣೆ ಪಡೆದ ಕೃತಿಗಳನ್ನು ಮುಂದಿಟ್ಟುಕೊಂಡು ಇದನ್ನು ಚರ್ಚಿಸುವುದು ವಾಡಿಕೆಯಾದರೂ, ಭಕ್ತಿಯನ್ನು ಯಾರೂ ನಿರೀಕ್ಷಿಸದ ಕಡೆ ಅದು ತಲೆದೋರಿದಾಗ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. ಅಮೆರಿಕದ ‘ನ್ಯೂಟ್ರಲ್ ಮಿಲ್ಕ್ ಹೋಟೆಲ್’ ಎಂಬ ತಂಡ 1998ರ ಫೆಬ್ರುವರಿಯಲ್ಲಿ ಹೊರತಂದ ‘ಇನ್ ದಿ ಏರೋಪ್ಲೇನ್ ಓವರ್ ದ ಸೀ’ ಎಂಬ ಆಲ್ಬಂ ಅಂಥದೊಂದು ಸಂದರ್ಭ. ಈ ತಂಡದ್ದು ಇಂಡೀ ರಾಕ್, ಅಂದರೆ ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದೆ ಸಣ್ಣ ಸ್ವತಂತ್ರ ಸಂಸ್ಥೆಗಳ ಮೂಲಕ ಕೇಳುಗರನ್ನು ತಲುಪುವ ರಾಕ್ ಸಂಗೀತ. ಆ ದಶಕದಲ್ಲಿ ಅದರ ಅನೇಕ ತಂಡಗಳು ಭಾವವನ್ನು ನೇರವಾಗಿ ಆಡದೆ, ಒಂದಿಷ್ಟು ದೂರ ನಿಂತು, ತುಸು ವ್ಯಂಗ್ಯ ಬೆರೆಸಿ ಹಾಡುವ ರೂಢಿಗೆ ಒಗ್ಗಿಹೋಗಿದ್ದವು.

ಜೆಫ್ ಮ್ಯಾಂಗಮ್ ಬರೆದು ಹಾಡಿದ ಈ ಗೀತೆಗಳು 1997ರಲ್ಲಿ ಡೆನ್ವರ್ ನಗರದಲ್ಲಿ ಮುದ್ರಣಗೊಂಡವು. ಬಿರುಸಾಗಿ ಮೀಟುವ ಗಿಟಾರ್, ಹಿತ್ತಾಳೆಯ ಊದುವಾದ್ಯಗಳು, ಕಮಾನಿನಿಂದ ಉಜ್ಜಿ ನುಡಿಸುವ ಗರಗಸ, ಇವೆಲ್ಲದರ ಮೇಲೆ ಗಂಟಲು ಬಿರಿಯುವಂತೆ ಏರುವ ಮ್ಯಾಂಗಮ್ ದನಿ ಆಲ್ಬಮ್ಮಿನ ಗುರುತು. ಇದರ ಎರಡನೆಯ ಹಾಡು ಯಾವ ಪೀಠಿಕೆಯೂ ಇಲ್ಲದೆ ಏಸುವನ್ನು ಹೆಸರು ಹಿಡಿದು ಕರೆದು, ಒಂದೊಂದು ಸ್ವರವನ್ನೂ ಉಸಿರಿರುವಷ್ಟು ಹೊತ್ತು ಎಳೆದು, ಆತನ ಮೇಲಿನ ಪ್ರೀತಿಯನ್ನು ಸಾರಿಕೊಳ್ಳುತ್ತದೆ. ಇದು ಕೇಳುಗರನ್ನು ಗೊಂದಲಕ್ಕೆ ನೂಕುತ್ತದೆಂದು ಅರಿತಿದ್ದ ಮ್ಯಾಂಗಮ್, ತಾವು ಹಾಡಿದ್ದು ಮನಸಾರೆ ಹಾಡಿದ್ದೆಂದೂ, ಆದರೆ ಆಲ್ಬಮ್ಮಿನ ಅನಂತತೆಯ ಭಾವ ಯಾವುದೇ ಒಂದು ಮತಕ್ಕೆ ಕಟ್ಟುಬಿದ್ದಿಲ್ಲವೆಂದೂ, ಎಲ್ಲ ವಸ್ತುಗಳ ಒಳಗೂ ಅಳಿಯದ ಬೆಳಕೊಂದಿದೆ ಎಂಬುದು ತಮ್ಮ ನಂಬಿಕೆಯೆಂದೂ ಅದರ ಜೊತೆಗಿನ ಹಾಳೆಯಲ್ಲಿ ಬರೆದರು.

ಆದರೂ ಗೊಂದಲ ತೀರಲಿಲ್ಲ. ಕೆಲವು ಕೇಳುಗರಿಗೆ ಈ ಕೂಗು ಮುಜುಗರ ತಂದರೆ, ಕೆಲವರು ಇದನ್ನು ಪ್ರಾರ್ಥನೆಯೆಂದೇ ಸ್ವೀಕರಿಸಿದರು. ಇನ್ನು ಕೆಲವರು ಆಲ್ಬಮ್ಮನ್ನು ತುಂಬ ಮೆಚ್ಚಿಕೊಂಡೂ ಈ ಒಂದು ಜಾಗದಲ್ಲಿ ಮಾತ್ರ ಹಾಡುಗಾರ ಅಣಕವಾಡುತ್ತಿದ್ದಾನೆ, ಇಲ್ಲವೇ ಕಲ್ಪಿತ ಪಾತ್ರವೊಂದರ ಬಾಯಿಯಿಂದ ಮಾತಾಡುತ್ತಿದ್ದಾನೆ ಎಂದು ಸಮಾಧಾನ ತಂದುಕೊಂಡರು. ಈ ಮೂರು ನಿಲುವುಗಳಲ್ಲಿ ಕೃತಿಗೆ ಹೆಚ್ಚು ಅನ್ಯಾಯ ಮಾಡುವುದು ಮೂರನೆಯದು. ಮುಜುಗರಪಟ್ಟವನು ಕಡೆಯಪಕ್ಷ ಹಾಡನ್ನು ಅದು ಇರುವಂತೆಯೇ ಕೇಳಿಸಿಕೊಂಡಿದ್ದಾನೆ. ಅಣಕವೆಂದು ಕಾಪಾಡಹೊರಟವನು ಹಾಡಿನ ಬದಲಿಗೆ ತನಗೆ ಒಪ್ಪುವ ಬೇರೊಂದು ಹಾಡನ್ನು ಕೇಳಿಕೊಂಡಿದ್ದಾನೆ.

ಕಾವ್ಯವನ್ನು ಸವಿಯಲು ಕವಿಯ ನಂಬಿಕೆಯನ್ನು ಒಪ್ಪಬೇಕಿಲ್ಲ ಎಂಬ ವಾದ ಹಳೆಯದು. ದಾಂತೆಯನ್ನು ಕುರಿತ 1929ರ ಪ್ರಬಂಧದಲ್ಲಿ ಟಿ. ಎಸ್. ಎಲಿಯಟ್ ತಾತ್ವಿಕ ನಂಬಿಕೆಯನ್ನೂ ಕಾವ್ಯಾತ್ಮಕ ಸಮ್ಮತಿಯನ್ನೂ ಬೇರೆಬೇರೆಯಾಗಿ ನೋಡಿದ್ದು ಇದೇ ಕಾರಣಕ್ಕೆ. ಆದರೆ ಭಾರತೀಯ ಕಾವ್ಯಮೀಮಾಂಸೆ ಈ ತೊಡಕನ್ನು ಇನ್ನೂ ಸೂಕ್ಷ್ಮವಾಗಿ ಬಿಡಿಸುತ್ತದೆ. ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ‘ಅಭಿನವಭಾರತಿ’ಯಲ್ಲಿ ಎಣಿಸುವ ಅಭಿನವಗುಪ್ತ, ಕಾಣುತ್ತಿರುವ ಭಾವವನ್ನು ‘ಇದು ನನ್ನದೇ’ ಎಂದೋ ‘ಇದು ಅವನದು ಮಾತ್ರ’ ಎಂದೋ ದೇಶಕಾಲಗಳ ಗೂಟಕ್ಕೆ ಕಟ್ಟಿಹಾಕುವುದನ್ನೂ ಅವುಗಳಲ್ಲೊಂದಾಗಿ ಹೇಳುತ್ತಾನೆ. ಈ ಮಾತನ್ನು ಮ್ಯಾಂಗಮ್ ಹಾಡಿಗೆ ಅನ್ವಯಿಸಿದರೆ, ಅದನ್ನು ತನ್ನ ಮತದ ಗೆಲುವೆಂದು ಬಗೆದ ಆಸ್ತಿಕನೂ ತನ್ನ ವಿಚಾರಕ್ಕೆ ಬಂದ ಬೆದರಿಕೆಯೆಂದು ಬಗೆದ ನಾಸ್ತಿಕನೂ ಒಂದೇ ವಿಘ್ನಕ್ಕೆ ಸಿಕ್ಕಿಕೊಂಡಿರುವುದು ಕಾಣುತ್ತದೆ. ಭಾವ ವ್ಯಕ್ತಿಯ ಕಟ್ಟಿನಿಂದ ಬಿಡಿಸಿಕೊಂಡು ಎಲ್ಲರ ಅನುಭವಕ್ಕೂ ತೆರೆದುಕೊಳ್ಳುವ ಸಾಧಾರಣೀಕರಣ ಎಂಬ ಕ್ರಿಯೆ ಇಬ್ಬರಲ್ಲೂ ನಡೆದಿಲ್ಲ.

ಹಾಗೆಂದು ಆಲಂಕಾರಿಕರೆಲ್ಲರೂ ಇಲ್ಲಿ ಒಮ್ಮತದಿಂದಿಲ್ಲ. ದೇವರ ಮೇಲಿನ ರತಿಯನ್ನು ಮಮ್ಮಟ ರಸವೆಂದು ಒಪ್ಪದೆ ಭಾವವೆಂದಷ್ಟೇ ಕರೆದರೆ, 16ನೇ ಶತಮಾನದ ರೂಪಗೋಸ್ವಾಮಿ ಭಕ್ತಿಯೇ ರಸವೆಂದೂ ಅದನ್ನು ಆಸ್ವಾದಿಸಬಲ್ಲವನು ಭಕ್ತನೇ ಎಂದೂ ಪ್ರತಿಪಾದಿಸಿದ. ರೂಪಗೋಸ್ವಾಮಿಯ ಮಾತನ್ನು ಹಾಗೆಯೇ ಒಪ್ಪಿದರೆ ನಂಬದ ಕೇಳುಗನ ಮೆಚ್ಚುಗೆಯೆಲ್ಲ ಹೊರಗೆ ನಿಂತು ಇಣುಕಿದ್ದಾಗಿಬಿಡುತ್ತದೆ. ಆದರೆ ಯಾವ ಚರ್ಚಿಗೂ ಸೇರದ ಎಷ್ಟೋ ಜನ ಈ ಹಾಡಿನಿಂದ ಅಲುಗಿಹೋಗಿದ್ದಾರೆ ಎಂಬುದನ್ನು ಅಲ್ಲಗಳೆಯಲಾಗದು. ಅವರು ಹಾಡುಗಾರನ ದೇವರನ್ನು ಒಪ್ಪಿದವರಲ್ಲ, ಹಾಡುಗಾರ ಒಪ್ಪಿದ್ದಾನೆ ಎಂಬುದನ್ನು ಒಪ್ಪಿದವರು. ಕೇಳುಗನಿಂದ ಹಾಡು ಕೇಳುವ ಶ್ರದ್ಧೆ ಇಷ್ಟೇ, ಮತ್ತು ಇದಕ್ಕಿಂತ ಕಡಿಮೆಯಾದರೆ ಸಾಲದು.

ಈ ಶ್ರದ್ಧೆಯ ಒಂದು ಕುರುಹು ಆಲ್ಬಮ್ಮಿನಲ್ಲೇ ಉಳಿದುಕೊಂಡಿದೆ. ‘ಓ ಕಮ್ಲಿ’ ಎಂಬ, ಎಂಟು ನಿಮಿಷ ಮೀರಿದ ಹಾಡನ್ನು ಮ್ಯಾಂಗಮ್ ಗಿಟಾರ್ ನುಡಿಸುತ್ತ ಒಂದೇ ಬಾರಿಗೆ ಹಾಡಿ ಮುಗಿಸಿದಾಗ, ಅಲ್ಲಿದ್ದ ಯಾರೋ ಬೆರಗಿನಿಂದ ಕೂಗಿದ ದನಿ ದೂರದಲ್ಲಿ ಕೇಳಿಸುತ್ತದೆ. ಅದನ್ನು ಅಳಿಸದೆ ಬಿಟ್ಟಿದ್ದರಿಂದ ಕೃತಿಯ ಮೊದಲ ಕೇಳುಗನ ಅಭಿಪ್ರಾಯವೂ ಕೃತಿಯ ಭಾಗವೇ ಆಗಿದೆ. ಅದು ವಿಮರ್ಶೆಯಲ್ಲ, ತೀರ್ಪೂ ಅಲ್ಲ. ಎದುರಿಗೆ ನಡೆದದ್ದು ನಿಜವಾಗಿ ನಡೆಯಿತೆಂಬ ಸಾಕ್ಷ್ಯ. ವಿಮರ್ಶೆ ಬಂದದ್ದು ಆಮೇಲೆ, ಅದೂ ಬದಲಾಗುತ್ತ ಬಂತು: ಆರಂಭದಲ್ಲಿ ಹತ್ತಕ್ಕೆ 8.7 ಅಂಕ ಕೊಟ್ಟಿದ್ದ ‘ಪಿಚ್‌ಫೋರ್ಕ್’ ಪತ್ರಿಕೆ 2005ರ ಮರುಮುದ್ರಣಕ್ಕೆ ಪೂರ್ತಿ ಹತ್ತು ಕೊಟ್ಟಿತು.

ಶ್ರದ್ಧೆಯಿಂದ ಕೇಳಿದವನೇ ಎತ್ತಬಹುದಾದ ಆಕ್ಷೇಪವೊಂದಿದೆ, ಅದು ಹಿಂದಿನ ಮುಜುಗರಕ್ಕಿಂತ ಭಾರವಾದದ್ದು. ಮ್ಯಾಂಗಮ್ ಈ ಗೀತೆಗಳನ್ನು ಬರೆದದ್ದು ಆನ್ ಫ್ರಾಂಕಳ ದಿನಚರಿಯನ್ನು ಓದಿ ಕಂಗೆಟ್ಟ ಮೇಲೆ. ಆಮ್‌ಸ್ಟರ್‌ಡಾಮಿನಲ್ಲಿ ಅಡಗಿ ಬಾಳಿ, 1945ರಲ್ಲಿ ಬರ್ಗನ್-ಬೆಲ್ಸನ್ ಸೆರೆಶಿಬಿರದಲ್ಲಿ 15ರ ಹರೆಯದಲ್ಲಿ ತೀರಿಕೊಂಡ ಆ ಯಹೂದಿ ಬಾಲೆಯನ್ನು ಕಾಲಯಂತ್ರವೇರಿ ಉಳಿಸಿಕೊಳ್ಳುವ ಹಂಬಲ ‘ಓ ಕಮ್ಲಿ’ಯಲ್ಲೇ ಇದೆ. 1757ರ ಅಭಿರುಚಿ ಕುರಿತ ಪ್ರಬಂಧದಲ್ಲಿ ಡೇವಿಡ್ ಹ್ಯೂಮ್ ಕವಿಗಳ ಮತಸಂಬಂಧಿ ತಪ್ಪುಗಳು ಅತ್ಯಂತ ಕ್ಷಮ್ಯವೆಂದೂ, ಅವರ ನೈತಿಕ ದೃಷ್ಟಿ ಕೆಟ್ಟಿದ್ದರೆ ಮಾತ್ರ ಓದುಗನ ಮನಸ್ಸು ಅದರೊಳಗೆ ಹೋಗಲಾರದೆಂದೂ ವಾದಿಸಿದ್ದ. ಏಸುವಿನ ಹಾಡು ಮೊದಲ ಬಗೆಗೆ ಸೇರುತ್ತದೆ. ಆನ್ ಫ್ರಾಂಕಳ ವಿಷಯ ಎರಡನೆಯದರ ಹೊಸ್ತಿಲಲ್ಲಿ ನಿಲ್ಲುತ್ತದೆ. ಕ್ರೈಸ್ತ ಯುರೋಪಿನ ನಡುವೆ ತನ್ನ ಹುಟ್ಟಿನ ಕಾರಣಕ್ಕಾಗಿಯೇ ಬಲಿಯಾದವಳನ್ನು, ಏಸುವಿನ ಸ್ತುತಿಯೂ ಇರುವ ಆಲ್ಬಮ್ಮಿನಲ್ಲಿ, ಎಲ್ಲದರಲ್ಲೂ ಇರುವ ಬೆಳಕಿನ ಹೆಸರಿನಲ್ಲಿ ಪ್ರೇಮಕ್ಕೂ ಪುನರ್ಜನ್ಮಕ್ಕೂ ಎಳೆದುಕೊಳ್ಳುವುದು ಸರಿಯೇ ಎಂದು ಕೇಳುವವರು ಹಾಡನ್ನು ಕಡೆಗಣಿಸಿ ಕೇಳುತ್ತಿಲ್ಲ. ಸಾಧಾರಣೀಕರಣವೆಂಬ ಉತ್ತರ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಆಕೆಯ ಸಾವನ್ನು ಅದರ ದೇಶಕಾಲಗಳಿಂದ ಬಿಡಿಸಿದರೆ ಸತ್ಯವೇ ಕೈತಪ್ಪುತ್ತದೆ. ‘ಹಾಲೆಂಡ್, 1945’ ಎಂದು ಒಂದು ಹಾಡಿಗೆ ದೇಶಕಾಲಗಳನ್ನೇ ಹೆಸರಾಗಿ ಇಟ್ಟಿರುವುದನ್ನು ನೋಡಿದರೆ ಮ್ಯಾಂಗಮ್ ಅವರಿಗೂ ಇದರ ಅರಿವಿತ್ತೆಂದು ಊಹಿಸಬಹುದು. ಆದರೆ ಆ ಅರಿವು ಆಕ್ಷೇಪಕ್ಕೆ ಪೂರ್ತಿ ಉತ್ತರವಾಗುವುದಿಲ್ಲ, ಮತ್ತು ಆಲ್ಬಮ್ಮನ್ನು ಪ್ರೀತಿಸುವವರು ಅದನ್ನು ಬರೀ ಕವಿಕಲ್ಪನೆಯೆಂದು ತೇಲಿಸಿಬಿಡದೆ ಈ ಆಕ್ಷೇಪವನ್ನೂ ಅದರ ಜೊತೆಗೇ ಹೊತ್ತುಕೊಳ್ಳಬೇಕಾಗುತ್ತದೆ.