ಎಲ್ಲವೂ ದೇವರ ಚಿತ್ತವೇ?



ಕೃಷ್ಣಗಿರಿ ಜಿಲ್ಲೆಯಲ್ಲಿರುವ ನಮ್ಮ ಹಲವು ಮನೆಗಳಿಗೆ ಗ್ರಾನೈಟ್ ಕ್ವಾರಿಯೇ ಅನ್ನ. ಅಲ್ಲಿ ಬಂಡೆ ಉರುಳಿ ಯಾರದೋ ಕಾಲು ಹೋದರೆ, ನೋಡಲು ಹೋದ ನಾವು ಯುವಜನರೂ "ದೇವರ ಚಿತ್ತ" ಎಂದು ಹೇಳಿ ಬರುತ್ತೇವೆ. ಇದು ಸರಿಯೇ?

ಸಿಲೋವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲ ಎಂದರು ಯೇಸುಸ್ವಾಮಿ (ಲೂಕ 13:4-5). ಮಾಳಿಗೆಗೆ ಪ್ಯಾರಾಪೆಟ್ ಗೋಡೆ ಕಟ್ಟದೆ ಯಾರಾದರೂ ಬಿದ್ದು ಸತ್ತರೆ, ಆ ರಕ್ತದ ಹೊಣೆ ಮನೆಯವರದು ಎನ್ನುತ್ತದೆ ಧರ್ಮೋಪದೇಶಕಾಂಡ (22:8). ತಡೆಯಬಹುದಾದ ಅಪಾಯವನ್ನು ದೇವರ ತಲೆಗೆ ಕಟ್ಟಿದರೆ, ತಡೆಯಬೇಕಾದವರು ನುಣುಚಿಕೊಳ್ಳುತ್ತಾರೆ.

ಕ್ವಾರಿಗೂ ಅಂಥ ಗೋಡೆಗಳಿವೆ: ಬಂಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ಹೆಲ್ಮೆಟ್ ಕೊಡುವುದು, ಕಲ್ಲು ಕೊರೆಯುವಾಗ ನೀರು ಬಿಡುವುದು. ನೀರಿಲ್ಲದೆ ಕೊರೆದರೆ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕಿಳಿದು ಸಿಲಿಕೋಸಿಸ್ ತರುತ್ತದೆ. ಅದನ್ನು ಗುಣಪಡಿಸುವ ಮದ್ದಿಲ್ಲ.

ಕೇಳಿದರೆ ಕೆಲಸ ಹೋದೀತೆಂಬ ಭಯ ಸುಳ್ಳಲ್ಲ. ಅದಕ್ಕೇ ಕೂಲಿಯವರೊಬ್ಬರನ್ನೇ ಕೇಳಲು ಬಿಡದೆ ಧರ್ಮಕೇಂದ್ರದವರೆಲ್ಲ ಜೊತೆಗೆ ನಿಲ್ಲೋಣ. ಗಾಯಗೊಂಡ ಕಾರ್ಮಿಕರಿಗೆ ಪರಿಹಾರದ ಕಾನೂನು 1923ರಲ್ಲೇ ಬಂದಿದೆ. ತಮಿಳಿನಲ್ಲಿ ಅರ್ಜಿ ಬರೆಯಲು ಬಾರದವರು ಭಾನುವಾರದ ಪೂಜೆಯ ನಂತರ ನಮ್ಮನ್ನು ಕಾಣಿರಿ, ನಾವು ಬರೆದುಕೊಡುತ್ತೇವೆ.