ಸುಳ್ಳು ಪಾಸಿನ ಕರುಣೆ

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43. ರಾಜ್ಯಕ್ಕೇ ಕೊನೆ. ಮೊದಲ ಸ್ಥಾನದ ದಕ್ಷಿಣ ಕನ್ನಡದ್ದು ಶೇ 91.12. ಇಂಥ ಅಂಕಿ ಹೊರಬಿದ್ದರೆ ಬೆರಳು ಮೊದಲು ತಿರುಗುವುದು ಮಾಸ್ತರರ ಕಡೆಗೆ. ನನಗೆ ಮಾತ್ರ ಇದು ನಮ್ಮ ಶಾಲೆಗಳು ಬಹಳ ಕಾಲದ ಮೇಲೆ ಆಡಿದ ನಿಜದಂತೆ ಕಾಣುತ್ತದೆ.

ಆಡಿಸಿದ್ದು ಕ್ಯಾಮೆರಾ. ನಕಲು ತಡೆಯಲು 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ಮರುವರ್ಷ ಆ ಕೃಪೆಯೂ ತಪ್ಪಿತು.

ನಕಲಿಗೆ ಕಣ್ಣು ಮುಚ್ಚಿದವರೆಲ್ಲ ದುಷ್ಟರಲ್ಲ. ‘ಬಡವರ ಹುಡುಗ, ಪಾಸಾಗಿ ಹೋಗಲಿ ಬಿಡ್ರಿ’ ಎನ್ನುವುದು ನಮ್ಮ ಕಡೆಯ ಕರುಣೆ. ಅದನ್ನು ಹಗುರಾಗಿ ತಳ್ಳಿಹಾಕಲಾರೆ. ನಮ್ಮ ಜಿಲ್ಲೆಯ ಕಮಲಾಪುರದ ಸುತ್ತಿನ ತಾಂಡಾಗಳಿಂದ ಜನ ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ. ಎಷ್ಟೋ ಮಕ್ಕಳೂ ಹಿಂದೆಯೇ ಹೋಗುತ್ತವೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಗುಳೆ ಹೋದಲ್ಲಿ ಮರಾಠಿ. ಇಂಥ ಹುಡುಗ ಎಂಟನೆಯ ತರಗತಿಗೆ ಬಂದರೂ ಭಾಗಾಕಾರದಲ್ಲಿ ಮುಗ್ಗರಿಸಿದರೆ ಹತ್ತನೆಯ ತರಗತಿಯ ಮಾಸ್ತರರ ತಪ್ಪೆಷ್ಟು? ಖಾಲಿ ಹುದ್ದೆಗಳ ಮಾತು ಬೇರೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಅತಿಥಿ ಶಿಕ್ಷಕರ ಪಾಡು ಬೇರೆ.

ಆದರೂ ಒಂದು ಹೊಣೆಯನ್ನು ಶಿಕ್ಷಕರು ಯಾರ ತಲೆಗೂ ದಾಟಿಸಲಾರರು. ಈ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ತಿಳಿದಿರುವುದು, ತಿಳಿದದ್ದನ್ನು ಇದ್ದಂತೆ ಹೇಳುವುದು. ಬಿಇಒ ಕಚೇರಿಗೆ ಅದು ಗೊತ್ತಾಗದು. ಅಕ್ಷರ ಬಾರದ ತಾಯಿಗೂ ಗೊತ್ತಾಗದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಸೆಕ್ಷನ್ ಕೂಡ ಪ್ರತಿ ಮಗುವಿನ ಕಲಿಕೆಯನ್ನು ಅಳೆದು, ಅಗತ್ಯವಿದ್ದರೆ ಹೆಚ್ಚಿನ ಪಾಠ ಮಾಡುವುದನ್ನು ಶಿಕ್ಷಕರ ಕರ್ತವ್ಯ ಎನ್ನುತ್ತದೆ.

ಸುಳ್ಳು ಪಾಸಿನಿಂದ ಪಾರಾಗುವುದು ಹುಡುಗನಲ್ಲ, ಸರ್ಕಾರ. ಗಣಿತದ ಶಿಕ್ಷಕರೇ ಇಲ್ಲದ ಶಾಲೆಯಲ್ಲಿ ಎಲ್ಲರೂ ಗಣಿತ ಪಾಸಾದರೆ, ಶಿಕ್ಷಕರನ್ನು ಕಳಿಸಿ ಎಂದು ಕೇಳಲು ಊರವರಿಗೆ ಯಾವ ಆಧಾರ ಉಳಿಯಿತು? ಹೋರಾಡಿ ಪಡೆದ ಸಂವಿಧಾನದ 371(ಜೆ) ವಿಧಿ ಈ ಭಾಗಕ್ಕೆ ಹುದ್ದೆ, ಸೀಟುಗಳಲ್ಲಿ ಮೀಸಲಾತಿ ತಂದಿದೆ. ಆ ಸೀಟಿನಲ್ಲಿ ಕೂತು ಓದಬೇಕಾದವನಿಗೆ ಓದೇ ಬಾರದಿದ್ದರೆ ಅದು ಯಾರ ಉಪಯೋಗಕ್ಕೆ? ಕರುಣೆ ತೋರಿದ ಶಿಕ್ಷಕರು, ತಮಗೇ ಅರಿವಿಲ್ಲದೆ, ಮಗುವಿನ ಪರ ಇದ್ದ ಒಂದೇ ಸಾಕ್ಷಿಯನ್ನು ಅಳಿಸಿದ್ದರು.

ಇಷ್ಟಾದರೂ ಕಡಿಮೆ ಫಲಿತಾಂಶಕ್ಕೆ ನೋಟಿಸು ಕೊಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅಂಕಿಗೆ ಹೆದರಿದವರು ಅಂಕಿಯನ್ನೇ ತಿದ್ದುತ್ತಾರೆ. ಜೂನ್‌ನಲ್ಲೇ ‘ನನ್ನ ತರಗತಿಯಲ್ಲಿ ಇಷ್ಟು ಮಕ್ಕಳಿಗೆ ಓದಲು ಬರುವುದಿಲ್ಲ’ ಎಂದು ಒಬ್ಬ ಶಿಕ್ಷಕಿ ಬರೆದುಕೊಟ್ಟರೆ, ಅದಕ್ಕೆ ಉತ್ತರವಾಗಿ ಇನ್ನೊಬ್ಬ ಶಿಕ್ಷಕರನ್ನು ಕಳಿಸಿದ ಮೇಲಷ್ಟೇ ಏಪ್ರಿಲ್‌ನಲ್ಲಿ ಆ ಶಿಕ್ಷಕಿಯಿಂದ ಲೆಕ್ಕ ಕೇಳುವ ಹಕ್ಕು ಇಲಾಖೆಗೆ ಬರುತ್ತದೆ.